ಕುದುರೆ ಟ್ರ್ಯಾಕಿಗೆ ಕಾರು ಇಳಿಸಿದ ಕಾಲ

ಅಮೆರಿಕದಲ್ಲಿ ಸ್ಟೇಟ್ ಫೇರ್ ಅಂದ್ರೆ ಹೆಚ್ಚೂಕಮ್ಮಿ ನಮ್ಮ ದಸರಾ ವಸ್ತುಪ್ರದರ್ಶನಕ್ಕೆ ಒಂದು ದನಗಳ ಜಾತ್ರೆ ಸೇರಿಸಿದಂಗೆ. ಅಂಥ ಎಷ್ಟೋ ಮೈದಾನಗಳಲ್ಲಿ ಕುದುರೆ ರೇಸಿಗೆ ಅಂತ ಒಂದು ಮೈಲಿ ಸುತ್ತಳತೆಯ ಮಣ್ಣಿನ ಓವಲ್, ಸುತ್ತ ಮರದ ಬೇಲಿ, ಸಾವಿರಾರು ಜನ ಕೂರೋ ಗ್ರ್ಯಾಂಡ್‌ಸ್ಟ್ಯಾಂಡ್ ಮೊದಲೇ ರೆಡಿ ಇರ್ತಿತ್ತು, ಕಾರು ಬಂದಾಗ ಫೇರ್ ನಡೆಸೋರು ಅಲ್ಲೇ ಓಡಿಸಿ ಟಿಕೆಟ್ ಮಾರಿದ್ರು, ಅಷ್ಟೇ. ನಾನು ಗಾಡಿಗಳ ಸಸ್ಪೆನ್ಷನ್, ಹ್ಯಾಂಡ್ಲಿಂಗ್ ಟ್ಯೂನ್ ಮಾಡೋ ಎಂಜಿನಿಯರ್, ಹಳೇ ರೇಸ್ ಬಗ್ಗೆ ಓದೋವಾಗ ಯಾರು ಗೆದ್ರು ಅನ್ನೋದಕ್ಕಿಂತ ಮೊದಲು ಕಣ್ಣು ಹೋಗೋದು ತಿರುವಿನ ರೇಡಿಯಸ್ ಕಡೆಗೆ.

ಲೆಕ್ಕ ಸುಲಭ. ಮೈಲಿ ಟ್ರ್ಯಾಕಲ್ಲಿ ಕಾಲು ಮೈಲಿಯ ಎರಡು ನೇರ ದಾರಿ, ಕಾಲು ಮೈಲಿಯ ಎರಡು ತಿರುವು ಅಂದ್ಕೊಂಡ್ರೆ ರೇಡಿಯಸ್ ಸುಮಾರು 128 ಮೀಟರ್ ಬರುತ್ತೆ. ಗಾಡಿ ಎಳೆಯೋ ಒಳ್ಳೇ ಕುದುರೆ ಆ ಕಾಲಕ್ಕೆ ಒಂದು ಮೈಲಿ ಓಡೋಕೆ ಎರಡು ನಿಮಿಷದ ಆಸುಪಾಸು ತಗೊಳ್ತಿತ್ತು, ಆ ವೇಗಕ್ಕೆ ತಿರುವಲ್ಲಿ ಒಳಗಡೆಗೆ ಎಳೆದು ತಿರುಗಿಸೋಕೆ ಬೇಕಾಗೋ ಅಡ್ಡ ಬಲ ತೂಕದ ಏಳರಲ್ಲೊಂದು ಭಾಗ ಮಾತ್ರ. ಅದಕ್ಕೇ ತಿರುವಿಗೆ ಹೆಚ್ಚು ಬ್ಯಾಂಕಿಂಗ್, ಅಂದ್ರೆ ಹೊರ ಅಂಚು ಎತ್ತರಿಸಿದ ಓರೆ, ಕೊಡೋ ಅವಶ್ಯಕತೆ ಯಾರಿಗೂ ಕಂಡಿರಲಿಲ್ಲ.

1896ರ ಸೆಪ್ಟೆಂಬರ್ 7ಕ್ಕೆ ರೋಡ್ ಐಲೆಂಡ್ ಸ್ಟೇಟ್ ಫೇರಲ್ಲಿ, ಕ್ರಾನ್‌ಸ್ಟನ್ ಊರಿನ ನ್ಯಾರಗಾನ್‌ಸೆಟ್ ಪಾರ್ಕಲ್ಲಿ ಕಾರುಗಳು ಓಡಿದವು, ಅಮೆರಿಕದಲ್ಲಿ ಟ್ರ್ಯಾಕ್ ಮೇಲೆ ನಡೆದ ಮೊದಲ ಕಾರ್ ರೇಸ್ ಅಂತ ಇದನ್ನೇ ಹೇಳೋದು. ಗೆದ್ದಿದ್ದು ರೈಕರ್ ಕಂಪನಿಯ ಎಲೆಕ್ಟ್ರಿಕ್ ಗಾಡಿ, ಎರಡನೇದೂ ಎಲೆಕ್ಟ್ರಿಕ್ಕೇ, ಪೆಟ್ರೋಲಿನ ಡ್ಯುರಿಯಾ ಗಾಡಿಗಳು ಹಿಂದೆ ಉಳಿದವು (ಇವಿ ಹೊಸದು ಅನ್ನೋರಿಗೆ ಹೇಳಿ). ವೇಗ ಗಂಟೆಗೆ 40 ಕಿಲೋಮೀಟರ್ ಆಸುಪಾಸು, ಅಂದ್ರೆ ಕುದುರೆಗಿಂತಲೂ ಕಮ್ಮಿ, ಬೋರಾಗಿ ಜನ "ಕುದುರೆ ತರ್ರೋ" ಅಂತ ಕೂಗಿದ್ರು ಅಂತಾರೆ. ತಿರುವು ಯಾರಿಗೂ ತೊಂದರೆ ಕೊಡಲಿಲ್ಲ.

ಏಳು ವರ್ಷ ಆದ್ಮೇಲೆ ಆಟವೇ ಬೇರೆ. 1903ರ ಜೂನ್ 20, ಇಂಡಿಯಾನಾಪೊಲಿಸ್‌ನ ಸ್ಟೇಟ್ ಫೇರ್ ಮೈದಾನ, ಬಾರ್ನಿ ಓಲ್ಡ್‌ಫೀಲ್ಡ್ ಅನ್ನೋ ಮಾಜಿ ಸೈಕಲ್ ರೇಸರ್ ಹೆನ್ರಿ ಫೋರ್ಡ್ ಕಟ್ಟಿಸಿದ 999 ಕಾರಲ್ಲಿ ಒಂದು ಮೈಲಿನ 59.6 ಸೆಕೆಂಡಲ್ಲಿ ಮುಗಿಸಿದ. ವೇಗ ಕುದುರೆಯ ಎರಡರಷ್ಟು, ಆದ್ರೆ ಅಡ್ಡ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರೋದರಿಂದ ಅದು ನಾಲ್ಕರಷ್ಟು, ತೂಕದ ಅರ್ಧಕ್ಕಿಂತ ಜಾಸ್ತಿ! ಸಡಿಲ ಮಣ್ಣು, ಸಣ್ಣ ಟೈರು, ಇವೆರಡೂ ಸೇರಿ ಕೊಡೋ ಹಿಡಿತ ಹೆಚ್ಚೂಕಮ್ಮಿ ಅಲ್ಲಿಗೇ ಮುಗಿಯುತ್ತೆ. ಹಂಗಾಗಿ ಅವನು ಹಿಂದಿನ ಚಕ್ರ ಜಾರಿಸ್ಕೊಂಡು, ಗಾಡಿನ ಅಡ್ಡಡ್ಡ ಎಳ್ಕೊಂಡು ತಿರುವು ದಾಟ್ತಿದ್ದ. ಶೋಕಿಗೆ ಮಾಡಿದ್ದು ಅಂತ ಬರಿಯೋರಿದ್ದಾರೆ, ನಾನು ಒಪ್ಪಲ್ಲ. ಆ ಕಾರಿಗೆ ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು) ಇರಲಿಲ್ಲ, ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಬೇಕು, ಅಂಥ ಗಾಡಿ ಜಾರಿಸದೇ ಇದ್ರೆ ಮೂತಿ ಹೊರಗಡೆಗೇ ತಳ್ಕೊಂಡು ಹೋಗುತ್ತೆ. 18 ಲೀಟರ್ ದಾಟಿದ ಎಂಜಿನ್, ಸ್ಟಿಯರಿಂಗ್ ವೀಲ್ ಬದಲು ಎರಡು ಕೈಯಲ್ಲಿ ಹಿಡಿಯೋ ಹ್ಯಾಂಡಲ್, ಪಾಪ ಇನ್ನೇನು ಮಾಡ್ತಾನೆ.

ಇನ್ನು ಧೂಳು. ಮಣ್ಣಲ್ಲಿ ನೀರಿನ ಅಂಶ ಸರಿಯಾಗಿದ್ರೆ ಜೇಡಿ ಟೈರನ್ನ ಹಿಡ್ಕೊಳ್ಳುತ್ತೆ, ಜಾಸ್ತಿಯಾದ್ರೆ ಗುಂಡಿ ಬೀಳುತ್ತೆ, ಒಣಗಿದ್ರೆ ಮುಂದಿನ ಗಾಡಿ ಎಬ್ಬಿಸಿದ ಧೂಳಲ್ಲಿ ಹಿಂದಿನವನಿಗೆ ಏನೂ ಕಾಣಲ್ಲ. ಎಣ್ಣೆ ಚೆಲ್ಲಿ ಧೂಳು ಕಟ್ಟೋ ಉಪಾಯ ಇತ್ತು, ಆದ್ರೆ ಹಂಗೆ ಕಟ್ಟಿದ ನೆಲ ಕುದುರೆ ಗೊರಸಿಗೆ ಆಗಲ್ಲ, ಅದಕ್ಕೆ ಮೆತ್ತಗಿನ ಮಣ್ಣೇ ಬೇಕು.

ಬೇಲಿ ವಿಷಯಕ್ಕೆ ಬಂದ್ರೆ ಬೇಜಾರಾಗುತ್ತೆ. ಕುದುರೆ ಆಚೆ ಹೋಗದಂಗೆ ಹಾಕಿದ ಮರದ ಬೇಲಿ ಕಾರನ್ನ ಹೆಂಗೆ ತಡೆಯುತ್ತೆ? 1911ರ ಸೆಪ್ಟೆಂಬರ್ 16ಕ್ಕೆ ಸಿರಕ್ಯೂಸ್‌ನ ನ್ಯೂಯಾರ್ಕ್ ಸ್ಟೇಟ್ ಫೇರಲ್ಲಿ ಲೀ ಓಲ್ಡ್‌ಫೀಲ್ಡ್ (ಬಾರ್ನಿಗೆ ಸಂಬಂಧಿ ಅಲ್ಲ) ಓಡಿಸ್ತಿದ್ದ ನಾಕ್ಸ್ ಕಾರಿನ ಟೈರ್ ಸಿಡಿದು ಗಾಡಿ ಬೇಲಿ ಮುರ್ಕೊಂಡು ಜನರ ಮೇಲೆ ಹೋಯ್ತು, ಸತ್ತೋರು ಹತ್ತರ ಆಸುಪಾಸು. ಆಗಿನ ಅಮೆರಿಕದ ಅಧ್ಯಕ್ಷ ಟಾಫ್ಟ್ ಅವತ್ತೇ ಫೇರ್ ನೋಡೋಕೆ ಬಂದಿದ್ರು.

ಆದ್ರೂ ರೇಸ್ ನಿಲ್ಲಲಿಲ್ಲ, ಗೇಟ್ ಕಲೆಕ್ಷನ್ ಹಂಗಿತ್ತು. ಫೇರ್‌ಗಳ ರೇಸ್ ನಡೆಸೋಕೇ ಅಂತ 1915ರಲ್ಲಿ ಐಎಂಸಿಎ (ಇಂಟರ್‌ನ್ಯಾಷನಲ್ ಮೋಟರ್ ಕಾಂಟೆಸ್ಟ್ ಅಸೋಸಿಯೇಷನ್) ಅನ್ನೋ ಸಂಸ್ಥೆ ಹುಟ್ಕೊಳ್ತು. ಮಿಲ್ವಾಕಿಯ ವಿಸ್ಕಾನ್ಸಿನ್ ಸ್ಟೇಟ್ ಫೇರ್ ಮೈದಾನದಲ್ಲಿ 1903ರಿಂದ ಕಾರು ಓಡ್ತಿತ್ತು, ಡಾಂಬರು ಬಿದ್ದಿದ್ದು 1954ರಲ್ಲಿ. ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್, ಡುಕ್ವಾಯ್ನ್ ಮೈದಾನಗಳಲ್ಲಿ ಇನ್ನೂ ಮಣ್ಣೇ. ಅಲ್ಲಿ ಓಡೋ ಸಿಲ್ವರ್ ಕ್ರೌನ್ ಅನ್ನೋ ರೇಸ್ ಸರಣಿಯ ಕಾರುಗಳಿಗೆ ಈಗ್ಲೂ ಡಿಫರೆನ್ಷಿಯಲ್ ಇಲ್ಲ, ಎಡಕ್ಕೆ ತಿರುಗೋಕೆ ಸುಲಭ ಆಗ್ಲಿ ಅಂತ ಹಿಂದಿನ ಬಲಗಡೆ ಟೈರನ್ನ ಎಡಗಡೆದಕ್ಕಿಂತ ಸ್ವಲ್ಪ ದೊಡ್ಡದು ಹಾಕ್ತಾರೆ.