ರಾಜ್‌ಕುಮಾರ್‌ಗೆ ಮೊದಲ ನಾಯಕಿಯಾಗಿದ್ದ ಪಂಡರಿಬಾಯಿ ತಾಯಿಯಾದದ್ದು ಹೇಗೆ?

ಪ್ರಶ್ನೆ: ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಹೆಂಡತಿಯಾಗಿ, ‘ಅನುರಾಗ ಅರಳಿತು’ ಚಿತ್ರದಲ್ಲಿ ಅವರ ತಾಯಿಯಾಗಿ ನಟಿಸಿದವರು ಒಬ್ಬರೇ ಪಂಡರಿಬಾಯಿಯೇ? ಹಾಗಿದ್ದರೆ ಅವರು ರಾಜ್‌ಗಿಂತ ಅಷ್ಟೊಂದು ದೊಡ್ಡವರೇ?

ಉತ್ತರ: ಒಬ್ಬರೇ. ವಯಸ್ಸಿನಲ್ಲಿ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಓರಗೆಯವರು. ಮೊದಲನೆಯದು 1954ರ ಚಿತ್ರ, ಎರಡನೆಯದು 1986ರದು. 32 ವರ್ಷ ಕಳೆದರೂ ರಾಜ್ ನಾಯಕರಾಗಿಯೇ ಇದ್ದರು. ಪಂಡರಿಬಾಯಿ ಅಷ್ಟರಲ್ಲಿ ಅಮ್ಮನಾಗಿ ಎಷ್ಟೋ ವರ್ಷವಾಗಿತ್ತು.

‘ಬೇಡರ ಕಣ್ಣಪ್ಪ’ದ ಹೊತ್ತಿಗೆ ನಾಯಕ ಪಾತ್ರಕ್ಕೆ ಹೊಸಬರಾಗಿದ್ದವರು ರಾಜ್. ಪಂಡರಿಬಾಯಿ ಆಗಲೇ ಪಳಗಿದ ನಟಿ. ಭಟ್ಕಳದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಹರಿಕಥೆ ಮಾಡುತ್ತಿದ್ದರು. ಹರಿಕಥೆಯಲ್ಲಿ ವೇಷ ಬದಲಿಸುವ ಮಾತಿಲ್ಲ. ಒಂದೇ ಸೀರೆಯಲ್ಲಿ ನಿಂತು, ಈ ಸಾಲಿನಲ್ಲಿ ದೇವರಾಗಿ, ಮುಂದಿನ ಸಾಲಿನಲ್ಲಿ ಅಳುವ ತಾಯಿಯಾಗಿ, ದನಿಯಿಂದಲೇ ಆಳು ಬದಲಾಗಬೇಕು. ಅವರ ಸಂಭಾಷಣೆಯಲ್ಲಿ ಒಂದಕ್ಷರವೂ ಉದುರದೆ ಕೇಳುವುದಕ್ಕೆ ಆ ಅಭ್ಯಾಸವೇ ಕಾರಣ ಎನ್ನಬೇಕು. 1943ರ ‘ವಾಣಿ’ಯಿಂದ ಸಿನಿಮಾಕ್ಕೆ ಬಂದರು. 1952ರಲ್ಲಿ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ‘ಪರಾಶಕ್ತಿ’ಗೂ ಇವರೇ ನಾಯಕಿ. ಎರಡೇ ವರ್ಷದ ಅಂತರದಲ್ಲಿ ಇಬ್ಬರು ಮೇರುನಟರ ಮೊದಲ ಹೆಜ್ಜೆಗೆ ಜೊತೆಯಾದವರು ಇವರೊಬ್ಬರೇ. ಈ ಮಾತನ್ನು ನಾವು ಸಾಕಷ್ಟು ಸಲ ಹೇಳಿಲ್ಲ.

ಹಾಗಾದರೆ ತಾಯಿ ಪಾತ್ರ ಏಕೆ? ಐವತ್ತರ ದಶಕದ ಭಕ್ತಿ ಮತ್ತು ಸಂಸಾರದ ಚಿತ್ರಗಳಲ್ಲಿ ನಾಯಕಿಯೆಂದರೆ ಹೆಚ್ಚಾಗಿ ಗೃಹಿಣಿ. ಕಣ್ಣಪ್ಪನ ನೀಲಾ ಕಥೆಯ ಉದ್ದಕ್ಕೂ ಗಂಡನ ಕಷ್ಟಕ್ಕೆ ಹೆಗಲಾಗುವ ಹೆಂಡತಿ. ಅರವತ್ತರಲ್ಲಿ ಪ್ರೇಮಕಥೆ, ಯುಗಳಗೀತೆ ಮುಂದಾದವು. ಲೀಲಾವತಿ, ಜಯಂತಿ, ಕಲ್ಪನಾ, ಭಾರತಿ ಬಂದರು. ಗೃಹಿಣಿಯಾಗಿ ಜನರ ಮನಸ್ಸಲ್ಲಿ ನಿಂತಿದ್ದ ನಟಿಗೆ ಅಕ್ಕ, ಅತ್ತಿಗೆ, ಅಮ್ಮ ಪಾತ್ರಗಳೇ ಹುಡುಕಿಕೊಂಡು ಬಂದವು. ವಯಸ್ಸಿನ ಲೆಕ್ಕ ಇಲ್ಲಿ ನಡೆಯುತ್ತಲೇ ಇರಲಿಲ್ಲ. 1965ರ ‘ಎಂಗ ವೀಟ್ಟು ಪಿಳ್ಳೈ’ಯಲ್ಲಿ ಅವರು ಎಂಜಿಆರ್‌ಗೆ ಅಕ್ಕ; ನಿಜದಲ್ಲಿ ಎಂಜಿಆರೇ ಇವರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ದೊಡ್ಡವರು. 1973ರ ‘ಗೌರವಂ’ನಲ್ಲಿ ಶಿವಾಜಿಯದು ದ್ವಿಪಾತ್ರ: ದೊಡ್ಡ ಶಿವಾಜಿಗೆ ಇವರು ಹೆಂಡತಿ, ಚಿಕ್ಕ ಶಿವಾಜಿಯನ್ನು ಸಾಕಿದ ತಾಯಿ. ‘ಅನುರಾಗ ಅರಳಿತು’ ತಮಿಳಿನಲ್ಲಿ ‘ಮನ್ನನ್’ ಆದಾಗ ಅಲ್ಲೂ ರಜನಿಕಾಂತ್‌ಗೆ ಇವರೇ ಅಮ್ಮ.

ಹಳೆಯ ಚಿತ್ರಗಳನ್ನು ನೋಡುವಾಗ ಒಂದು ಗೊಂದಲ ಆಗುತ್ತದೆ. 1957ರ ‘ರಾಯರ ಸೊಸೆ’ಯಲ್ಲಿ ಅವರ ತಂಗಿ ಮೈನಾವತಿಯೂ ಇದ್ದಾರೆ, ಯಾರು ಯಾರೆಂದು ಮುಖಕ್ಕಿಂತ ದನಿಯಲ್ಲಿ ಬೇಗ ತಿಳಿಯುತ್ತದೆ.

ಅಮ್ಮನ ಪಾತ್ರಗಳಷ್ಟೇ ಗೊತ್ತಿರುವವರು ‘ಅಂದ ನಾಳ್’ ನೋಡಲೇಬೇಕು. 1954ರದೇ, ಶಿವಾಜಿ ಜೊತೆ, ಹಾಡೇ ಇಲ್ಲದ ತಮಿಳು ಚಿತ್ರ. ಗುಂಡಿನ ಸದ್ದಿನೊಂದಿಗೆ ಗಂಡ ಸಾಯುತ್ತಾನೆ, ಅನುಮಾನ ಒಬ್ಬೊಬ್ಬರ ಮೇಲೂ ಸುಳಿಯುತ್ತದೆ, ಹೆಂಡತಿ ಉಷಾಳನ್ನೂ ಬಿಡುವುದಿಲ್ಲ. ಕೊಂದವರು ಯಾರೆಂದು ಯಾರಾದರೂ ಬಾಯಿಬಿಡುವ ಮೊದಲೇ ನೋಡಿಬಿಡಿ.