ಗೋದಲಿಯ ಗುರುತು: ಲೂಕ 2:8–20ರ ಕುರುಬರ ಕುರಿತು ಅಧ್ಯಯನ ಟಿಪ್ಪಣಿ

ಯೇಸು ಹುಟ್ಟಿದ ಸುದ್ದಿಯನ್ನು ದೇವದೂತನಿಂದ ಕೇಳಿದ ಕುರುಬರ ಪ್ರಸಂಗ ಇರುವುದು ಲೂಕನ ಸುವಾರ್ತೆಯಲ್ಲಿ ಮಾತ್ರ, ಅದೂ ಹದಿಮೂರೇ ವಚನಗಳಲ್ಲಿ. ಮೊದಲು ಅಧ್ಯಾಯದ ಆರಂಭದಿಂದ 20ನೇ ವಚನದ ತನಕ ಒಮ್ಮೆ ಗಟ್ಟಿಯಾಗಿ ಓದಿ. ಎರಡನೆಯ ಸಲ ಪೆನ್ಸಿಲ್ ಹಿಡಿದು, ಕುರುಬರ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ: ಕಾಯುತ್ತಿದ್ದರು, ಹೆದರಿದರು, ಮಾತಾಡಿಕೊಂಡರು, ಅವಸರದಿಂದ ಬಂದರು, ಕಂಡರು, ತಿಳಿಸಿದರು, ಹಿಂತಿರುಗಿದರು. ಗೆರೆ ಎಳೆದದ್ದರಲ್ಲೇ ಪಾಠ ಹುಡುಕಿ, ಚಿತ್ರಗಳಲ್ಲಿ ಕಂಡದ್ದರಲ್ಲಿ ಬೇಡ. ನಕ್ಷತ್ರವೂ ಜೋಯಿಸರೂ ಮತ್ತಾಯ 2ನೇ ಅಧ್ಯಾಯಕ್ಕೆ ಸೇರಿದವರು. ಅಲ್ಲಿ ಅವರು ಬರುವುದು ಮನೆಗೆ (2:11). ಕುರುಬರು ಎಷ್ಟು ಮಂದಿ, ಅದು ಯಾವ ತಿಂಗಳು ಎಂಬುದನ್ನು ಲೂಕ ಹೇಳಿಲ್ಲ.

ಬೋಧನೆಗಳಲ್ಲಿ ಹೆಚ್ಚು ಎಡವುವುದು ಕುರುಬರು ಯಾರು ಎಂಬಲ್ಲಿ. "ಅವರು ಸಮಾಜ ಹೊರಗಿಟ್ಟವರು, ನ್ಯಾಯಾಲಯದಲ್ಲಿ ಅವರ ಸಾಕ್ಷಿಗೂ ಬೆಲೆಯಿರಲಿಲ್ಲ" ಎನ್ನುವುದನ್ನು ಕೇಳಿರುತ್ತೀರಿ. ಆ ಮಾತಿಗೆ ಆಧಾರ ಯೆಹೂದಿ ಗುರುಗಳ ಬೋಧನೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮುದ್. ಅದು ಸಂಕಲನಗೊಂಡದ್ದು ಶತಮಾನಗಳ ನಂತರ. ಲೂಕನ ಓದುಗನಿಗೆ ಕುರುಬ ಎಂದರೆ ಮೊದಲು ನೆನಪಾಗುವವನು ಬೇತ್ಲೆಹೇಮಿನಲ್ಲೇ ತಂದೆಯ ಕುರಿ ಕಾಯುತ್ತಿದ್ದ ದಾವೀದ (1 ಸಮುವೇಲ 16:11). ದೂತನು ಆ ಊರನ್ನು "ದಾವೀದನೂರು" ಎಂದೇ ಕರೆಯುತ್ತಾನೆ. ಇನ್ನೊಂದು ಜನಪ್ರಿಯ ವಾದವೂ ಇದೆ: ಇವರು ದೇವಾಲಯದ ಬಲಿಗಾಗಿ ಕುರಿಮರಿ ಸಾಕುತ್ತಿದ್ದವರು, ಮರಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು ಎಂದು. ಯೆಹೂದಿ ನಿಯಮಗಳ ಹಳೆಯ ಸಂಗ್ರಹವಾದ ಮಿಷ್ನಾದ ಶೆಕಾಲಿಮ್ 7:4 ಯೆರೂಸಲೇಮಿನಿಂದ ಬೇತ್ಲೆಹೇಮಿನ ಹತ್ತಿರದ್ದೆನ್ನಲಾಗುವ ಮಿಗ್ದಲ್ ಏದೆರ್ ತನಕ ಸಿಕ್ಕ ಪಶುಗಳನ್ನು ಬಲಿಗೆ ಸೇರಿಸುವುದನ್ನು ಹೇಳುತ್ತದೆ, ನಿಜ. ಆದರೆ ಅಲ್ಲಿ ಬಟ್ಟೆಯ ಸುದ್ದಿಯೇ ಇಲ್ಲ. ಕೇಳಲು ಎಷ್ಟೇ ಚೆನ್ನಾಗಿದ್ದರೂ ಅದನ್ನು ಬಿಡುವುದು ಒಳ್ಳೆಯದು. ಕುರುಬರನ್ನು ಪತಿತರನ್ನಾಗಿ ಮಾಡಬೇಕಿಲ್ಲ, ಯಾಜಕರ ಸಹಾಯಕರನ್ನಾಗಿಯೂ ಮಾಡಬೇಕಿಲ್ಲ. ಅವರು ರಾತ್ರಿ ಪಾಳಿಯಲ್ಲಿದ್ದ ದುಡಿಮೆಗಾರರು. ದೀನರನ್ನು ಮೇಲೆತ್ತುವ ದೇವರನ್ನು ಹಾಡಿದ, ಯೇಸುವಿನ ತಾಯಿ ಮರಿಯಳ ಮಾತು (1:52) ನೆರವೇರಲು ಅಷ್ಟು ಸಾಕು.

ಈ ಭಾಗದ ಹೃದಯ ಇರುವುದು 12ನೇ ವಚನದಲ್ಲಿ, "ಗುರುತು" ಎಂಬ ಪದದಲ್ಲಿ. ಇಲ್ಲಿ 1ನೇ ಅಧ್ಯಾಯಕ್ಕೆ ಹಿಂತಿರುಗಿ ಹೋಲಿಸಿ. ಮುಪ್ಪಿನಲ್ಲಿ ಮಗ ಹುಟ್ಟುವನೆಂದು ದೂತನಿಂದ ಕೇಳಿದ ಜಕರೀಯನು ನನಗೆ ಇದು ಹೇಗೆ ತಿಳಿದೀತು ಎಂದು ಕೇಳಿದ. ನಂಬದೆ ಕೇಳಿದ್ದರಿಂದ ಅವನ ಮಾತೇ ನಿಂತುಹೋಯಿತು (1:18–20). ಮರಿಯಳು ಇದು ಹೇಗಾದೀತು ಎಂದಳು. ಮುದಿಪ್ರಾಯದ ಬಂಧು ಎಲಿಸಬೇತಳ ಗರ್ಭದ ಸುದ್ದಿ ಅವಳಿಗೆ ಆಧಾರವಾಗಿ ಸಿಕ್ಕಿತು (1:34–36). ಕುರುಬರು ಕೇಳಲೇ ಇಲ್ಲ, ಆದರೂ ಗುರುತು ಸಿಕ್ಕಿತು. ಏನು ಆ ಗುರುತು? ಬಟ್ಟೆ ಸುತ್ತಿದ ಕೂಸು ಎಂದಷ್ಟೇ ಹೇಳಿದ್ದರೆ ಉಪಯೋಗವಿರಲಿಲ್ಲ. ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತುವುದು ಅಲ್ಲಿನ ವಾಡಿಕೆ (ಯೆಹೆಜ್ಕೇಲ 16:4). ಬೇರೆ ಕೂಸುಗಳಿಂದ ಈ ಕೂಸನ್ನು ಬೇರ್ಪಡಿಸುವುದು ಗೋದಲಿ, ದನಕ್ಕೆ ಮೇವು ಹಾಕುವ ಜಾಗ. ಲೂಕ ಆ ಪದವನ್ನು 7, 12, 16ನೇ ವಚನಗಳಲ್ಲಿ, ಮೂರು ಸಲ ಬಳಸುತ್ತಾನೆ. ಅದಕ್ಕೆ ಒಂದು ವಚನ ಹಿಂದೆ ದೂತ ಹೇಳಿದ ಬಿರುದುಗಳನ್ನು ನೋಡಿ: ರಕ್ಷಕ, ಕ್ರಿಸ್ತ, ಕರ್ತ. ಕ್ರಿ.ಪೂ. 9ರ ಪ್ರಿಯೇನೆ ಶಾಸನ ರೋಮ್ ಚಕ್ರವರ್ತಿ ಔಗುಸ್ತ ಕೈಸರನನ್ನು ರಕ್ಷಕ ಎನ್ನುತ್ತದೆ. ಅವನ ಹುಟ್ಟುಹಬ್ಬವೇ ಶುಭಸಮಾಚಾರದ ಆರಂಭ ಎಂದು ಸಾರುತ್ತದೆ. ಲೂಕ ಅದೇ ಔಗುಸ್ತನ ಹೆಸರಿನಿಂದ ಅಧ್ಯಾಯ ಆರಂಭಿಸಿ (2:1), ಆ ಪದಗಳನ್ನು ಗೋದಲಿಯಲ್ಲಿರುವ ಕೂಸಿಗೆ ಕೊಡುತ್ತಾನೆ. ಆಕಾಶದ ಪ್ರಭೆಯನ್ನು ಕಂಡವರಿಗೆ ಗುರುತಾಗಿ ಸಿಕ್ಕಿದ್ದು ಪ್ರಭೆಯಲ್ಲ, ಬಡತನ. ದೇವರ ಇರುವನ್ನು ಬೆರಗಿನ ಅನುಭವಗಳಲ್ಲೇ ಹುಡುಕುವವರು ಇಲ್ಲಿ ತುಸು ಹೊತ್ತು ನಿಲ್ಲಬೇಕು.

15ನೇ ವಚನದಲ್ಲಿ ಕುರುಬರು "ನಿಜವೋ ಸುಳ್ಳೋ ನೋಡೋಣ" ಎನ್ನುವುದಿಲ್ಲ. ಕರ್ತನು ನಮಗೆ ತಿಳಿಸಿದ, ನಡೆದ ಈ ಸಂಗತಿಯನ್ನು ನೋಡೋಣ ಎನ್ನುತ್ತಾರೆ. ಮೂಲ ಗ್ರೀಕಿನ "ರೇಮಾ" ಮಾತಿಗೂ ಸಲ್ಲುತ್ತದೆ, ನಡೆದ ಸಂಗತಿಗೂ ಸಲ್ಲುತ್ತದೆ. ದೇವರು ಆಡಿದ್ದು ಆಗಿಯೇ ಆಗಿದೆ ಎಂಬ ನಂಬಿಕೆ ಆ ಒಂದೇ ಪದದಲ್ಲಿ ಅಡಗಿದೆ. ಹಾಗೆಂದು ಕುಳಿತಲ್ಲೇ ನಂಬಿ ಸುಮ್ಮನಾಗಲಿಲ್ಲ. ದೂತ ಊರನ್ನೂ ಗುರುತನ್ನೂ ಹೇಳಿದ, ಯಾವ ಮನೆ ಎಂದು ಹೇಳಲಿಲ್ಲ. 16ನೇ ವಚನದ "ಕಂಡರು" ಎಂಬುದರ ಮೂಲ ಪದಕ್ಕೆ ಹುಡುಕಿ ಪತ್ತೆಹಚ್ಚುವ ಅರ್ಥವಿದೆ. ಅವಸರವೂ ಇತ್ತು, ಹುಡುಕಾಟವೂ ಇತ್ತು.

18 ಮತ್ತು 19ನೇ ವಚನಗಳನ್ನು ಜೊತೆಯಾಗಿ ಓದಿ. ಕುರುಬರ ಮಾತು ಕೇಳಿದವರೆಲ್ಲರೂ ಆಶ್ಚರ್ಯಪಟ್ಟರು. ಮರಿಯಳಾದರೋ ಆ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸಿದಳು. "ಆದರೋ" ಎಂಬುದಕ್ಕೆ ಗುರುತು ಹಾಕಿ. ಆಶ್ಚರ್ಯಪಟ್ಟವರು ಮುಂದೇನು ಮಾಡಿದರೆಂದು ಲೂಕ ಹೇಳುವುದಿಲ್ಲ. ಗುಂಪಾಗಿ ಓದುವವರು ಇಲ್ಲಿ ಐದು ನಿಮಿಷ ಮೌನವಾಗಿದ್ದು, ಕೇಳಿದ ಒಂದು ವಚನವನ್ನು ಬರೆದಿಟ್ಟುಕೊಂಡರೆ ಚರ್ಚೆಗಿಂತ ಹೆಚ್ಚು ಉಳಿಯುತ್ತದೆ.

ಕೊನೆಗೆ 20ನೇ ವಚನ. ದೂತರು ದೇವರನ್ನು ಕೊಂಡಾಡಿದರು, ಮಹಿಮೆ ಎಂದರು (13–14). ದೂತರು ಹೊರಟುಹೋದ ಮೇಲೆ ಅದೇ ಎರಡು ಕೆಲಸವನ್ನು, ಮಹಿಮೆಪಡಿಸುವುದು ಮತ್ತು ಕೊಂಡಾಡುವುದು, ಕುರುಬರು ಮಾಡುತ್ತಾ ಹಿಂತಿರುಗುತ್ತಾರೆ. ದೂತರ ಸ್ತುತಿ ಈಗ ನೆಲದ ಮೇಲೆ, ಹಿಂದಿರುಗುವ ದಾರಿಯಲ್ಲಿ ಮುಂದುವರಿಯುತ್ತಿದೆ. ಇದರಿಂದ "ನಿಜವಾದ ಭಕ್ತರು ಕಸುಬು ಬಿಡಬಾರದು" ಎಂಬ ನಿಯಮ ಮಾಡಬೇಡಿ. ಇದೇ ಲೂಕನಲ್ಲಿ ಸೀಮೋನನೂ ಅವನ ಜೊತೆಗಾರರೂ ದೋಣಿಗಳನ್ನು ದಡಕ್ಕೆ ತಂದು ಎಲ್ಲವನ್ನೂ ಬಿಟ್ಟು ಹಿಂಬಾಲಿಸುತ್ತಾರೆ (5:11), ಲೇವಿಯೂ ಸುಂಕದ ಕಟ್ಟೆಯಿಂದ ಎದ್ದು ಹೊರಡುತ್ತಾನೆ (5:28); ಸ್ನಾನಿಕನಾದ ಯೋಹಾನನೋ ಸುಂಕದವರಿಗೆ ಕೆಲಸ ಬಿಡಿ ಎನ್ನದೆ, ನೇಮಿಸಿದ್ದಕ್ಕಿಂತ ಹೆಚ್ಚು ಕೇಳಬೇಡಿ ಎನ್ನುತ್ತಾನೆ (3:13). ನನ್ನ ಕರೆ ಇವುಗಳಲ್ಲಿ ಯಾವುದು ಎಂಬುದನ್ನು ಪ್ರತಿಯೊಬ್ಬನೂ ಪ್ರಾರ್ಥನೆಯಲ್ಲಿ ಕೇಳಿಕೊಳ್ಳಬೇಕು. 20ನೇ ವಚನವೊಂದೇ ಅದನ್ನು ತೀರ್ಮಾನಿಸಿಕೊಡುವುದಿಲ್ಲ.