ಗಟ್ಟಿಯಾಗಿ ನಗದ ‘ಲೋಲ್’: ಮೂರಕ್ಷರ ನಡೆದು ಬಂದ ದಾರಿ

ಕೋಲಾರ ಕಡೆ ಟೊಮೆಟೊ ಬೆಳೆಯುವ ಮನೆಗಳ ವಾಟ್ಸಾಪ್ ಗ್ರೂಪಿಗೆ ಮಂಡಿ ರೇಟೂ ಬರುತ್ತದೆ. ‘15 ಕೆಜಿ ಬಾಕ್ಸ್ 80 ರೂಪಾಯಿಗೆ ಹೋಯ್ತು’ ಅಂತ ಚಿಕ್ಕಪ್ಪ ಎಪಿಎಂಸಿಯಿಂದ ಹಾಕುತ್ತಾರೆ ಅನ್ನಿ. ಬೆಂಗಳೂರಲ್ಲಿ ಓದುವ ಹುಡುಗ ಕೆಳಗೆ ‘ಅಯ್ಯೋ ಲೋಲ್’ ಅಂತ ಒತ್ತುತ್ತಾನೆ. ಅವನ ಮಟ್ಟಿಗೆ ಅದು ‘ಛೆ, ಏನ್ ಕರ್ಮ ಇದು’ ಅನ್ನುವ ಮಾತು. ಚಿಕ್ಕಪ್ಪನಿಗೆ ಮಾತ್ರ, ಕಿತ್ತ ಕೂಲಿಯೂ ಹುಟ್ಟದ ದಿನ ಮನೆ ಹುಡುಗನೇ ನಕ್ಕ ಹಾಗೆ. 2023ರ ಜುಲೈಯಲ್ಲಿ ಇದೇ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ನೋಡಿದವರಿಗೆ ಇನ್ನೂ ಜಾಸ್ತಿ ಉರಿಯುತ್ತದೆ. ಇದರಲ್ಲಿ ಇಬ್ಬರ ತಪ್ಪೂ ಇಲ್ಲ. ಆ ಪದವೇ ಅರ್ಥ ಬದಲಿಸಿಕೊಂಡಿದೆ.

‘ಲಾಫಿಂಗ್ ಔಟ್ ಲೌಡ್’ ಅನ್ನುವುದರ ಮೊದಲಕ್ಷರಗಳೇ ಎಲ್‌ಓಎಲ್. ಗಟ್ಟಿಯಾಗಿ ನಗುತ್ತಿದ್ದೇನೆ ಅಂತ. 1980ರ ದಶಕದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ, ಚಾಟ್ ಮಾಡುವಾಗ ಇದನ್ನು ಮೊದಲು ಬಳಸಿದ್ದು ನಾನೇ ಎನ್ನುತ್ತಾರೆ ವೇಯ್ನ್ ಪಿಯರ್ಸನ್. ಕಂಪ್ಯೂಟರ್ ಬಳಸುವವರ ನಡುವೆ ಓಡಾಡುತ್ತಿದ್ದ ‘ಫೈಡೋನ್ಯೂಸ್’ ಎಂಬ ಇ-ಪತ್ರಿಕೆಯ 1989ರ ಮೇ ತಿಂಗಳ ಚುಟುಕು ಪದಗಳ ಪಟ್ಟಿಯಲ್ಲಂತೂ ಅದು ದಾಖಲಾಗಿದೆ. 2011ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು.

ನಮ್ಮೂರುಗಳಿಗೆ ಅದು ಬಂದದ್ದು ಎಸ್‌ಎಂಎಸ್ ಜೊತೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತದೆ. ಕನ್ನಡದ ಒಂದೇ ಅಕ್ಷರ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ. ಆ 70ರಲ್ಲಿ ಕೊಂಬು, ಇಳಿ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ನಮಸ್ಕಾರ’ ಕಣ್ಣಿಗೆ ನಾಲ್ಕಕ್ಷರ, ಫೋನಿನ ಲೆಕ್ಕದಲ್ಲಿ ಏಳು. ಅದೂ ಆಗಿನ ಹೆಚ್ಚಿನ ಹ್ಯಾಂಡ್‌ಸೆಟ್‌ಗಳಲ್ಲಿ ಕನ್ನಡ ಬರೆಯುವುದಿರಲಿ, ಬಂದ ಮೆಸೇಜೂ ಬರೀ ಚೌಕಗಳಾಗಿ ಕಾಣುತ್ತಿತ್ತು. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ರೂಢಿಯಾಯಿತು. ಒಮ್ಮೆ ಆ ಅಕ್ಷರಗಳಿಗೆ ಬೆರಳು ಒಗ್ಗಿದ ಮೇಲೆ ಅಲ್ಲಿನ ಚುಟುಕು ಪದಗಳೂ ಜೊತೆಗೇ ಬಂದವು. ಇದನ್ನು ಹುಡುಗರ ಇಂಗ್ಲಿಷ್ ವ್ಯಾಮೋಹ ಅಂತ ಬೈಯುವವರಿದ್ದಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಕನ್ನಡಕ್ಕೆ ಜಾಗ ಕೊಡದ ಫೋನು ಮಾಡಿದ್ದು ಅವರಲ್ಲವಲ್ಲ!

ಕಾಸಿನ ಲೆಕ್ಕವೂ ಇತ್ತು. ಹಬ್ಬದ ದಿನ, ಹೊಸ ವರ್ಷದ ದಿನ ಎಸ್‌ಎಂಎಸ್ ಪ್ಯಾಕ್ ನಡೆಯುತ್ತಿರಲಿಲ್ಲ. ಪ್ರತಿ ಮೆಸೇಜಿಗೂ ಪೂರ್ತಿ ದುಡ್ಡು ಕಟ್ ಆಗುತ್ತಿತ್ತು. ಉದ್ದಕ್ಕೆ ಬರೆಯಲು ಯಾರಿಗೆ ಮನಸ್ಸು ಬಂದೀತು?

ಅರ್ಥ ಜಾರಿದ್ದು ಬಳಸಿ ಬಳಸಿ. ಈಗ ಲೋಲ್ ಬರೆಯುವವರು ಹೆಚ್ಚಿನ ಸಲ ನಕ್ಕೇ ಇರುವುದಿಲ್ಲ. ‘ಲೇಟಾಯ್ತು ಲೋಲ್’, ‘ಫೇಲ್ ಆದೆ ಲೋಲ್’ ಅನ್ನುತ್ತಾರೆ. ಭಾಷಾವಿಜ್ಞಾನಿ ಜಾನ್ ಮೆಕ್‌ವೋರ್ಟರ್ 2013ರಲ್ಲೇ ಇದನ್ನು ವಿವರಿಸಿದ್ದರು: ಅದು ನಗುವಿನ ಗುರುತಲ್ಲ, ಇಬ್ಬರ ನಡುವಿನ ಸಲುಗೆಯ ಗುರುತು. ನಮ್ಮ ‘ಕಣೋ’, ‘ಅಲ್ವಾ’ ಮಾಡುವುದೂ ಇದೇ ಕೆಲಸ. ‘ಬರಲ್ಲ’ ಅಂದರೆ ಮುಖಕ್ಕೆ ಹೊಡೆದ ಹಾಗೆ, ‘ಬರಲ್ಲ ಕಣೋ’ ಅಂದರೆ ಮೆತ್ತಗಾಗುತ್ತದೆ.

ತಪ್ಪು ತಿಳಿದವರು ಹಳ್ಳಿಯವರು ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರೂನ್ ಅದನ್ನು ‘ಲಾಟ್ಸ್ ಆಫ್ ಲವ್’, ಅಂದರೆ ‘ತುಂಬು ಪ್ರೀತಿಯಿಂದ’ ಅಂತ ತಿಳಿದು ಮೆಸೇಜಿನ ಕೊನೆಗೆ ಹಾಕುತ್ತಿದ್ದರಂತೆ. ಅಲ್ಲಿನ ಪತ್ರಿಕೆಗಳ ನಡತೆ ಕುರಿತ ಲೆವೆಸನ್ ವಿಚಾರಣೆಯಲ್ಲಿ, 2012ರಲ್ಲಿ, ಈ ವಿಷಯ ಹೊರಬಂತು.

ನಿಜವಾದ ನಗುವಿಗೆ ಈಗ ಎಮೋಜಿ ಇದೆ. ಆನಂದಬಾಷ್ಪ ಸುರಿಸುತ್ತಾ ನಗುವ ಮುಖವನ್ನೇ ಆಕ್ಸ್‌ಫರ್ಡ್ 2015ರ ವರ್ಷದ ಪದವಾಗಿ ಆರಿಸಿತ್ತು. ಲೋಲ್ ಗೆಳೆಯರ ನಡುವೆ ಇರಲಿ. ಮನೆಯ ದೊಡ್ಡವರಿಗೆ, ಅದರಲ್ಲೂ ನಷ್ಟದ ಸುದ್ದಿಗೋ ಸಾವಿನ ಸುದ್ದಿಗೋ ಉತ್ತರ ಬರೆಯುವಾಗ ಅದನ್ನು ಬಿಟ್ಟು ಎರಡು ಮಾತು ಕನ್ನಡದಲ್ಲೇ ಬರೆಯಿರಿ. ವಾಟ್ಸಾಪಿನಲ್ಲಿ 70 ಅಕ್ಷರದ ಮಿತಿಯೂ ಇಲ್ಲ, ಉದ್ದಕ್ಕೆ ಕಾಸೂ ಇಲ್ಲ.